ಗೌರವಧನವೋ, ದುಡಿಮೆಯ ಸಂಬಳವೋ?

ರೋಗವನ್ನು ಗುಣಪಡಿಸುವವರು ಯಾರೆಂದು ಕೇಳಿದರೆ ವೈದ್ಯರೆಂದು ಎಲ್ಲರೂ ಉತ್ತರ ಕೊಡುವರು. ಆ ಉತ್ತರವು ಸುಳ್ಳಲ್ಲ. ಆದರೆ ಪೂರ್ಣವೂ ಅಲ್ಲ. ವೈದ್ಯನು ರೋಗಿಯನ್ನು ನೋಡುವುದು ಗಳಿಗೆಯ ಮಾತು. ಮಿಕ್ಕ ಹೊತ್ತೆಲ್ಲ ರೋಗಿಯಿರುವುದು ಮನೆಯಲ್ಲಿ. ಹಸುಗೂಸಿನ ಮೈ ತಣ್ಣಗಾಗಿದೆಯೇ ಎಂದು ಮುಟ್ಟಿ ನೋಡುವವರು, ಬಾಣಂತಿಗೆ ಜ್ವರದ ಸೋಂಕು ತಗಲಿದೆಯೇ ಎಂದು ವಿಚಾರಿಸುವವರು, ಕ್ಷಯರೋಗಿಯು ಆ ದಿನದ ಮಾತ್ರೆಯನ್ನು ನುಂಗಿದನೇ ಎಂದು ಕೇಳುವವರು, ಹಾಸಿಗೆ ಹಿಡಿದ ಮುದುಕರನ್ನು ಮಗ್ಗುಲಿಗೆ ತಿರುಗಿಸುವವರು—ಇವರಿಲ್ಲದಿದ್ದರೆ ಆಸ್ಪತ್ರೆಯ ಔಷಧವು ಅರ್ಧ ಔಷಧವೇ ಸರಿ. ಹೀಗಿದ್ದರೂ ಸರ್ಕಾರದ ಲೆಕ್ಕದ ಪುಸ್ತಕದಲ್ಲಿ ವೈದ್ಯನ ದುಡಿಮೆಗೆ ಸಂಬಳವೆಂದು ಹೆಸರು, ಔಷಧಕ್ಕೆ ಬೆಲೆಯೆಂದು ಹೆಸರು. ಮನೆಯ ಬಾಗಿಲಿನಲ್ಲಿ ನಡೆಯುವ ಆರೈಕೆಗೆ ಮಾತ್ರ ಗೌರವಧನ, ಪ್ರೋತ್ಸಾಹಧನ ಎಂಬ ಹೆಸರುಗಳು. ಹೆಸರು ಯಾವುದಾದರೇನು, ಹಣ ಸಂದರೆ ಸಾಲದೇ ಎಂದು ಕೆಲವರು ಕೇಳಿಯಾರು. ಹಣವು ಸಲ್ಲದಿರುವುದಕ್ಕೂ, ತಡವಾಗಿ ಸಲ್ಲುವುದಕ್ಕೂ, ಸಾಲದಷ್ಟು ಸಲ್ಲುವುದಕ್ಕೂ ಆ ಹೆಸರೇ ಕಾರಣವೆಂಬುದು ನಮ್ಮ ಅಭಿಪ್ರಾಯ.

ಗೌರವಧನವೆಂಬುದು ಮರ್ಯಾದೆಗಾಗಿ ಕೊಡುವ ಹಣ. ಹೊಟ್ಟೆಪಾಡಿಗೆ ಬೇರೆ ಮಾರ್ಗವುಳ್ಳ ವಿದ್ವಾಂಸರನ್ನು ಕರೆಯಿಸಿ, ಉಪನ್ಯಾಸ ಮಾಡಿಸಿ, ಹಣ್ಣುಕಾಯಿಯೊಡನೆ ತಟ್ಟೆಯಲ್ಲಿಟ್ಟು ಅರ್ಪಿಸತಕ್ಕುದು ಅದು. ಇಷ್ಟೇ ಬೇಕೆಂದು ಕೇಳುವ ಹಕ್ಕು ಪಡೆಯುವವರಿಗಿಲ್ಲ; ಇಂಥ ದಿನವೇ ಕೊಡಬೇಕೆಂಬ ಕಟ್ಟು ಕೊಡುವವರಿಗಿಲ್ಲ. ಸಂಬಳವಾದರೋ ದುಡಿಮೆಯ ಋಣ. ಅದಕ್ಕೆ ಗೊತ್ತಾದ ಮೊತ್ತವುಂಟು, ಗೊತ್ತಾದ ದಿನವುಂಟು. ತಪ್ಪಿದರೆ ಕೇಳುವುದಕ್ಕೆ ಕಾಯಿದೆಯುಂಟು. ದಿನವೂ ದುಡಿಯುವವಳಿಗೆ ಗೌರವಧನವನ್ನು ಕೊಡುವುದೆಂದರೆ ಗೌರವವನ್ನು ಮುಂದೊಡ್ಡಿ ಹಕ್ಕನ್ನು ಹಿಂದಕ್ಕೆ ಸರಿಸಿದಂತೆಯೇ ಆಗುವುದು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಈ ಕಳವಾರ ಸೀಮೆಯ ವಾಚಕರಿಗೆ ಇದು ದೂರದ ವಿಷಯವಲ್ಲ. ೨೦೦೭ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯ ಜನಸಂಖ್ಯೆ ೨೦೧೧ರ ಖಾನೇಷುಮಾರಿಯಂತೆ ೧೨,೫೫,೧೦೪. ಇವರಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಜನ ಹಳ್ಳಿಗಳಲ್ಲಿರತಕ್ಕವರು. ನಂದಿಯ ಬೆಟ್ಟಸಾಲಿನಲ್ಲಿ ನದಿಗಳು ಹುಟ್ಟಿದರೂ ವರ್ಷವೆಲ್ಲ ಹರಿಯುವ ಹೊಳೆಯೊಂದೂ ಈ ಸೀಮೆಗಿಲ್ಲ. ರೇಷ್ಮೆ, ದ್ರಾಕ್ಷಿ, ತರಕಾರಿ, ಹೂ, ಹಾಲು ಇವುಗಳಿಂದ ಜೀವನ ಸಾಗಬೇಕು. ದುಡಿಯುವ ವಯಸ್ಸಿನವರು ಬೆಂಗಳೂರಿಗೂ ದೊಡ್ಡಬಳ್ಳಾಪುರದ ಗಿರಣಿಗಳಿಗೂ ಹೊರಟುಹೋದ ಮೇಲೆ ಮನೆಯಲ್ಲಿ ಉಳಿಯುವವರು ಮುದುಕರು, ಕೂಸುಗಳು, ಮತ್ತು ಇವರಿಬ್ಬರನ್ನೂ ನೋಡಿಕೊಳ್ಳುವ ಒಬ್ಬ ಹೆಂಗಸು. ಆಕೆಯ ಬಾಗಿಲಿಗೆ ಬಂದು ವಿಚಾರಿಸಿಕೊಳ್ಳುವವಳು ಇನ್ನೊಬ್ಬ ಹೆಂಗಸು. ಹೊಸಿಲೊಳಗಿನ ಈಕೆ, ಹೊಸಿಲು ದಾಟಿ ಬರುವ ಆಕೆ, ಈ ಇಬ್ಬರ ದುಡಿಮೆಯ ಮೇಲೆ ಗ್ರಾಮಾಂತರದ ಆರೋಗ್ಯವು ನಿಂತಿದೆ.

ಪೂರ್ವದಲ್ಲಿ ಈ ಆರೈಕೆಗೆ ಊರೇ ಬೆಲೆ ಕಟ್ಟುತ್ತಿತ್ತು. ಸೂಲಗಿತ್ತಿಗೆ ಮೊರದಲ್ಲಿ ಅಕ್ಕಿಯನ್ನೋ ರಾಗಿಯನ್ನೋ ತುಂಬಿ, ಬೆಲ್ಲ, ಎಲೆಯಡಿಕೆ, ಕುಪ್ಪಸದ ಬಟ್ಟೆ ಇಟ್ಟು ಕೊಡುವುದು ವಾಡಿಕೆಯಾಗಿತ್ತು. ನೆರೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಅದನ್ನೂ ಅಪೇಕ್ಷಿಸದೆ ಸಾವಿರಾರು ಹೆರಿಗೆಗಳನ್ನು ಮಾಡಿಸಿದರು. ೨೦೧೮ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅಂಥ ತಾಯಿಯನ್ನು ನಾಡು ಕೊಂಡಾಡಿದುದು ಯುಕ್ತವೇ. ಆದರೆ ಒಬ್ಬರ ತ್ಯಾಗವನ್ನು ಸಾವಿರಾರು ಮಂದಿಗೆ ನಿಯಮವಾಗಿ ವಿಧಿಸುವುದು ಯುಕ್ತವಲ್ಲ. ತ್ಯಾಗವು ಮಾಡುವವರ ಇಚ್ಛೆಗೆ ಸೇರಿದುದು. ಮಾಡಿಸಿಕೊಳ್ಳುವವರು ಅದನ್ನು ಲೆಕ್ಕಕ್ಕೆ ಹಿಡಿಯಬಾರದು.

ಹೊಸಿಲು ದಾಟಿ ಬರುವವಳು

೨೦೦೫ರ ಏಪ್ರಿಲ್ ತಿಂಗಳಲ್ಲಿ ಭಾರತ ಸರ್ಕಾರವು ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವನ್ನು ಆರಂಭಿಸಿದಾಗ, ಸಾವಿರ ಜನಕ್ಕೆ ಒಬ್ಬಳಂತೆ ಅದೇ ಊರಿನ ಹೆಂಗಸನ್ನು ಆರಿಸಿ ತರಬೇತು ಕೊಡಬೇಕೆಂದು ಗೊತ್ತಾಯಿತು. ಇವಳೇ ಆಶಾ ಕಾರ್ಯಕರ್ತೆ. ಊರಿನ ಸೊಸೆಯೇ ಆಗಿರಬೇಕು, ಓದುಬರಹ ಬಲ್ಲವಳಾಗಿರಬೇಕು, ಸರ್ಕಾರಿ ನೌಕರಳಾಗದೆ ಸ್ವಯಂಸೇವಕಿಯಾಗಿರಬೇಕು ಎಂಬುದು ಯೋಜನೆಯ ತಿರುಳು. ಮಾಡಿದ ಕೆಲಸಕ್ಕೆ ತಕ್ಕಂತೆ ಬಿಡಿಬಿಡಿಯಾಗಿ ಪ್ರೋತ್ಸಾಹಧನ ಕೊಡುವುದೆಂದಾಯಿತು. ಬಿಡುವಿನ ವೇಳೆಯಲ್ಲಿ ಊರಿಗೆ ಉಪಕಾರ ಮಾಡುವ ಗೃಹಿಣಿಯ ಚಿತ್ರವು ಆಗ ಯೋಜಕರ ಮನಸ್ಸಿನಲ್ಲಿದ್ದಿತು.

ಆ ಚಿತ್ರವು ಇಂದು ಉಳಿದಿಲ್ಲ. ಬಸುರಿಯರ ಹೆಸರು ಬರೆಯಿಸಿ ತಾಯಿ ಕಾರ್ಡು ಕೊಡಿಸುವುದು, ಹೆರಿಗೆಗೆ ಆಸ್ಪತ್ರೆಗೆ ಒಯ್ಯುವುದು, ಕೂಸುಗಳಿಗೆ ಲಸಿಕೆ ಹಾಕಿಸುವುದು, ಕ್ಷಯ, ಕುಷ್ಠ, ಮಲೇರಿಯ, ಡೆಂಗ್ಯೂಗಳ ಸಮೀಕ್ಷೆ, ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯವರ ಪಟ್ಟಿ—ಇವೆಲ್ಲವೂ ಅವಳ ಪಾಲಿಗೆ ಬಂದಿವೆ. ೨೦೨೪ರಲ್ಲಿ ನೆರೆಯ ಕೋಲಾರ ಜಿಲ್ಲೆಯಲ್ಲಿ ಮೊದಲಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಮನೆಗೆ ಹೋಗಿ ತಪಾಸಣೆ ಮಾಡುವ ತಂಡಕ್ಕೂ ಬಾಗಿಲು ತೋರಿಸುವವಳು ಇವಳೇ. ಕಳವಾರ ಸೀಮೆಯಲ್ಲಿ ಇವಳಿಗೆ ಇನ್ನೊಂದು ಹೊರೆಯುಂಟು. ಅನೇಕ ಮನೆಗಳ ಮಾತು ತೆಲುಗು, ದಾಖಲೆಯ ಭಾಷೆ ಬೇರೆ. ತೆಲುಗಿನಲ್ಲಿ ಕೇಳಿದುದನ್ನು ಕನ್ನಡದಲ್ಲಿ ಬರೆದು, ಕನ್ನಡದ ಸರ್ಕಾರಿ ಸೂಚನೆಯನ್ನು ಅಜ್ಜಿಗೆ ತೆಲುಗಿನಲ್ಲಿ ತಿಳಿಹೇಳುವ ದುಭಾಷಿಯ ಕೆಲಸಕ್ಕೆ ಯಾವ ಪಟ್ಟಿಯಲ್ಲಿಯೂ ದರವಿಲ್ಲ.

೨೦೨೦ರ ಮಾರ್ಚ್ ತಿಂಗಳನ್ನು ಗೌರಿಬಿದನೂರಿನವರು ಮರೆತಿರಲಾರರು. ಕೋವಿಡ್ ಸೋಂಕು ರಾಜ್ಯದಲ್ಲಿ ಮೊದಮೊದಲು ಕಾಣಿಸಿಕೊಂಡ ಪಟ್ಟಣಗಳಲ್ಲಿ ಅದೊಂದು. ಊರೆಲ್ಲ ಬಾಗಿಲು ಹಾಕಿಕೊಂಡ ಆ ದಿನಗಳಲ್ಲಿ ಬಾಗಿಲು ತಟ್ಟಿಕೊಂಡು ಹೋಗಬೇಕಾದವಳು ಆಶಾ. ಅದಕ್ಕೆ ಕೇಂದ್ರ ಸರ್ಕಾರವು ಗೊತ್ತುಮಾಡಿದ ಹೆಚ್ಚುವರಿ ಮೊತ್ತ ತಿಂಗಳಿಗೆ ೧,೦೦೦ ರೂಪಾಯಿ. ಅದೇ ವರ್ಷದ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ ೧೨,೦೦೦ ರೂಪಾಯಿಗಳನ್ನೂ ತಮ್ಮ ಮೈಗೆ ರಕ್ಷಣೆಯ ಸಾಮಗ್ರಿಯನ್ನೂ ಕೇಳಿ ಮುಷ್ಕರ ಹೂಡಬೇಕಾಯಿತು. ೨೦೨೨ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದ ಆಶಾ ಕಾರ್ಯಕರ್ತೆಯರೆಲ್ಲರಿಗೂ ಜಾಗತಿಕ ಪ್ರಶಸ್ತಿಯನ್ನಿತ್ತು ಮನ್ನಿಸಿತು. ಗೌರವವು ಜಿನೀವದಿಂದ ಬಂದಿತು. ಧನವು ಬೆಂಗಳೂರಿನಿಂದಲೂ ದೆಹಲಿಯಿಂದಲೂ ಬರಬೇಕಾಗಿದ್ದಿತು.

ಬಿಡಿಗೂಲಿಯ ಲೆಕ್ಕ

ಇನ್ನು ಹಣದ ಲೆಕ್ಕವನ್ನು ಸ್ವಲ್ಪ ವಿವರವಾಗಿ ನೋಡೋಣ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ಎಂಬ ವೈದ್ಯ ದಂಪತಿಗಳು ೧೯೯೫ರಿಂದ ೧೯೯೮ರವರೆಗೆ ೩೯ ಹಳ್ಳಿಗಳಲ್ಲಿ ಒಂದು ಪ್ರಯೋಗವನ್ನು ನಡೆಸಿದರು. ಹಳ್ಳಿಯ ಹೆಂಗಸರಿಗೆ ತರಬೇತು ಕೊಟ್ಟು, ಹುಟ್ಟಿದ ಕೂಸನ್ನು ಮನೆಯಲ್ಲಿಯೇ ಆರೈಕೆ ಮಾಡಿಸಿದುದರಿಂದ ಮೂರನೆಯ ವರ್ಷಕ್ಕೆ ನವಜಾತ ಶಿಶುಗಳ ಮರಣವು ಹೋಲಿಕೆಯ ಹಳ್ಳಿಗಳಿಗಿಂತ ಶೇಕಡಾ ೬೨ರಷ್ಟು ತಗ್ಗಿತೆಂದು ೧೯೯೯ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಮನೆಯ ಆರೈಕೆಗೆ ಜೀವವುಳಿಸುವ ಶಕ್ತಿಯುಂಟೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ. ೨೦೧೧ರಲ್ಲಿ ಕೇಂದ್ರ ಸರ್ಕಾರವು ಇದೇ ಕ್ರಮವನ್ನು ಆಶಾ ಮೂಲಕ ದೇಶಕ್ಕೆಲ್ಲ ಅನ್ವಯಿಸಿತು.

ಕ್ರಮವು ಹೀಗಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ೩, ೭, ೧೪, ೨೧, ೨೮, ೪೨ನೆಯ ದಿನಗಳಲ್ಲಿ, ಹೀಗೆ ಆರು ಸಲ ಆಶಾ ಮನೆಗೆ ಹೋಗಬೇಕು. ಕೂಸನ್ನು ತೂಗಬೇಕು, ಮೈಶಾಖವನ್ನು ನೋಡಬೇಕು, ಉಸಿರನ್ನು ಎಣಿಸಬೇಕು, ತಾಯಿಯ ಸ್ಥಿತಿಯನ್ನು ವಿಚಾರಿಸಬೇಕು, ಕೇಡಿನ ಲಕ್ಷಣ ಕಂಡರೆ ಆಸ್ಪತ್ರೆಗೆ ಸಾಗಿಸಬೇಕು. ಈ ಆರು ಭೇಟಿಗಳಿಗೂ ಕೂಡಿ ನಿಗದಿಯಾದ ಹಣ ೨೫೦ ರೂಪಾಯಿ. ಎಂದರೆ ಒಂದು ಭೇಟಿಗೆ ೪೨ ರೂಪಾಯಿಯೂ ಪೂರ್ತಿಯಾಗಿ ಬೀಳುವುದಿಲ್ಲ. ೨೦೧೮ರಲ್ಲಿ ಇನ್ನೊಂದು ಯೋಜನೆ ಬಂದು, ಮಗುವಿನ ಮೂರನೆಯ ತಿಂಗಳಿನಿಂದ ಹದಿನೈದನೆಯ ತಿಂಗಳವರೆಗೆ ಐದು ಭೇಟಿಗಳು ಸೇರಿದವು. ಭೇಟಿಯೊಂದಕ್ಕೆ ೫೦ ರೂಪಾಯಿ. ಒಂದು ಕೂಸನ್ನು ಹದಿನೈದು ತಿಂಗಳು ಕಣ್ಣಿಟ್ಟು ಕಾದುದಕ್ಕೆ ಒಟ್ಟು ೫೦೦ ರೂಪಾಯಿಗಳಾದವು.

ಮೊತ್ತಕ್ಕಿಂತಲೂ ಷರತ್ತು ಹೆಚ್ಚು ಯೋಚನೆಗೆ ತಕ್ಕುದು. ೨೦೧೧ರಲ್ಲಿ ಯೋಜನೆಯು ಹೊರಟಾಗ, ಕೂಸಿನ ತೂಕ ಬರೆದಿರಬೇಕು, ಲಸಿಕೆ ಬಿದ್ದಿರಬೇಕು, ಜನನವು ದಾಖಲಾಗಿರಬೇಕು, ತಾಯಿ ಮಕ್ಕಳಿಬ್ಬರೂ ೪೨ನೆಯ ದಿನದವರೆಗೆ ಕ್ಷೇಮವಾಗಿರಬೇಕು, ಆಮೇಲೆಯೇ ೨೫೦ ರೂಪಾಯಿ ಎಂದು ವಿಧಿಸಲಾಗಿತ್ತು. ದುರ್ಬಲವಾದ ಕೂಸಿಗೆ ಐದು ಸಲ ಓಡಾಡಿದವಳ ಶ್ರಮವೇ ಹೆಚ್ಚಿನದು; ಆ ಕೂಸು ಉಳಿಯದಿದ್ದರೆ ಅವಳ ಕೂಲಿಯೂ ಉಳಿಯಲಿಲ್ಲ. ಶಸ್ತ್ರಚಿಕಿತ್ಸೆಯಾದ ರೋಗಿ ಬದುಕದಿದ್ದರೆ ಶಸ್ತ್ರವೈದ್ಯನ ತಿಂಗಳ ಸಂಬಳವನ್ನು ಹಿಡಿಯುವ ಆಸ್ಪತ್ರೆಯನ್ನು ನಾವು ಕೇಳಿಲ್ಲ. ಬಿಡಿಗೂಲಿಯ ಪದ್ಧತಿಯ ದೋಷವೆಲ್ಲ ಈ ಒಂದು ಷರತ್ತಿನಲ್ಲಿ ಅಡಗಿದೆ. ಅದು ಫಲಕ್ಕೆ ಹಣ ಕೊಡುತ್ತದೆ, ಪರಿಶ್ರಮಕ್ಕೆ ಕೊಡುವುದಿಲ್ಲ. ಆರೈಕೆಯಲ್ಲಾದರೋ ಫಲವು ಮನುಷ್ಯರ ಕೈಯಲ್ಲಿಲ್ಲ, ಪರಿಶ್ರಮವಷ್ಟೇ ಇದೆ.

ಕ್ಷಯರೋಗದ ವಿಚಾರವೂ ಹೀಗೆಯೇ. ಸಾಮಾನ್ಯ ಕ್ಷಯರೋಗಿಯು ಆರು ತಿಂಗಳ ಮಾತ್ರೆಯನ್ನು ಪೂರ್ತಿ ಮಾಡುವಂತೆ ನೋಡಿಕೊಂಡ ಬೆಂಬಲಿಗರಿಗೆ ೧,೦೦೦ ರೂಪಾಯಿ; ಔಷಧಕ್ಕೆ ಬಗ್ಗದ ಕ್ಷಯವಾದರೆ ೫,೦೦೦ ರೂಪಾಯಿ. ರೋಗಿಯ ಪೌಷ್ಟಿಕ ಆಹಾರಕ್ಕೆ ೨೦೧೮ರಿಂದ ಕೊಡುತ್ತಿದ್ದ ತಿಂಗಳ ೫೦೦ ರೂಪಾಯಿಯನ್ನು ೨೦೨೪ರ ನವೆಂಬರಿನಲ್ಲಿ ೧,೦೦೦ಕ್ಕೆ ಏರಿಸಿದುದು ಮೆಚ್ಚತಕ್ಕ ಕೆಲಸ. ಆದರೆ ಆರು ತಿಂಗಳು ಬೆನ್ನು ಹತ್ತಿ ಮಾತ್ರೆ ನುಂಗಿಸಿದವಳಿಗೆ ತಿಂಗಳಿಗೆ ೧೬೭ ರೂಪಾಯಿಯ ಲೆಕ್ಕವಾಯಿತು.

ಈ ಚೂರುಗಳ ಜೊತೆಗೆ ಎರಡು ತಿಂಗಳ ಮೊತ್ತಗಳಿವೆ. ದಿನನಿತ್ಯದ ಕೆಲಸಗಳಿಗೆಂದು ಕೇಂದ್ರವು ಕೊಡುತ್ತಿದ್ದ ೧,೦೦೦ ರೂಪಾಯಿ ೨೦೧೮ರಲ್ಲಿ ೨,೦೦೦ ಆಯಿತು. ೨೦೨೫ರಲ್ಲಿ ೩,೫೦೦ಕ್ಕೆ ಏರಿಸುವ ತೀರ್ಮಾನವಾಯಿತು. ಕರ್ನಾಟಕ ಸರ್ಕಾರವು ತನ್ನ ಬೊಕ್ಕಸದಿಂದ ಕೊಡುತ್ತಿದ್ದ ಗೌರವಧನ ೨೦೨೫ರ ಆರಂಭಕ್ಕೆ ತಿಂಗಳಿಗೆ ೫,೦೦೦ ರೂಪಾಯಿ. ರಾಜ್ಯದಲ್ಲಿ ಸುಮಾರು ೪೨,೦೦೦ ಆಶಾ ಕಾರ್ಯಕರ್ತೆಯರಿದ್ದಾರೆ. ಇವರು ೨೦೨೫ರ ಜನವರಿ ೭ರಿಂದ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ, ಚಳಿಯಲ್ಲಿ, ಹಗಲಿರುಳು ಕುಳಿತರು. ಚೂರುಗಳನ್ನೆಲ್ಲ ಕೂಡಿಸಿ ತಿಂಗಳಿಗೆ ೧೫,೦೦೦ ರೂಪಾಯಿಯನ್ನು ಒಟ್ಟಿಗೆ ಕೊಡಿರೆಂಬುದು ಅವರ ಬೇಡಿಕೆ. ನಾಲ್ಕನೆಯ ದಿನ ಮುಖ್ಯಮಂತ್ರಿ ಸಿದ್ಧರಾಮಯ್ಯನವರು, ಎರಡು ಸರ್ಕಾರಗಳ ಹಣವೂ ಸೇರಿ ತಿಂಗಳಿಗೆ ೧೦,೦೦೦ಕ್ಕೆ ಕಡಮೆಯಾಗದಂತೆ ಏಪ್ರಿಲಿನಿಂದ ನೋಡಿಕೊಳ್ಳುವುದಾಗಿ ವಾಗ್ದಾನವಿತ್ತುದರಿಂದ ಮುಷ್ಕರವು ನಿಂತಿತು. ಆದರೆ ಅದೇ ವರ್ಷದ ಆಗಸ್ಟಿನಲ್ಲಿ, ಕೊಟ್ಟ ಮಾತನ್ನು ನಡೆಸಿಕೊಡಿರೆಂದು ಕೇಳುವುದಕ್ಕಾಗಿ ಅವರು ಮತ್ತೆ ಬೀದಿಗಿಳಿಯಬೇಕಾಯಿತು.

ಹತ್ತು ಸಾವಿರವೆಂದರೆ ದೊಡ್ಡ ಮೊತ್ತವೆಂದು ತೋರುವವರಿಗೆ ಒಂದು ಹೋಲಿಕೆಯನ್ನು ಕೊಡುತ್ತೇವೆ. ೨೦೨೫-೨೬ನೆಯ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ಕೂಲಿ ದಿನಕ್ಕೆ ೩೭೦ ರೂಪಾಯಿಯೆಂದು ಗೊತ್ತಾಗಿತ್ತು. ಕೆರೆಯಲ್ಲಿ ಮಣ್ಣು ಹೊತ್ತವರಿಗೆ ಇಪ್ಪತ್ತಾರು ದಿನಕ್ಕೆ ೯,೬೨೦ ರೂಪಾಯಿಯ ಲೆಕ್ಕವಾಯಿತು. ಮಣ್ಣು ಹೊರುವ ಕೆಲಸವು ಕೀಳೆಂದು ನಾವು ಹೇಳುತ್ತಿಲ್ಲ. ವರ್ಷಗಟ್ಟಲೆ ತರಬೇತು ಪಡೆದು, ತಾಯಿ ಮಕ್ಕಳ ಪ್ರಾಣಕ್ಕೆ ಹೊಣೆಯಾದ ಹೆಂಗಸು ಚಳಿಯಲ್ಲಿ ಕುಳಿತು ಗಳಿಸಿದ ವಾಗ್ದಾನವು ಅಷ್ಟರ ಮೇಲೆ ಕೇವಲ ೩೮೦ ರೂಪಾಯಿ ಎಂದಷ್ಟೇ ಹೇಳುತ್ತಿದ್ದೇವೆ.

ಇದರ ಮೇಲೆ ಹಣವು ಕೈಗೆ ಬರುವ ದಾರಿಯ ತೊಡಕು ಬೇರೆ. ಆಶಾ ಮಾಡಿದ ಕೆಲಸವನ್ನು ದಾದಿಯು ಒಪ್ಪಬೇಕು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯು ಒಪ್ಪಬೇಕು, ಆರ್‌ಸಿಎಚ್ ಎಂಬ ತಾಯಿಮಕ್ಕಳ ಗಣಕದಾಖಲೆಯಲ್ಲಿ ಅದು ಏರಬೇಕು. ಆಮೇಲೆ ಬ್ಯಾಂಕಿನ ಖಾತೆಗೆ ಹಣ. ದಾಖಲೆಯನ್ನು ಏರಿಸುವ ಕೆಲಸ ಇನ್ನೊಬ್ಬರದು. ಅದು ತಪ್ಪಿದರೆ ನಷ್ಟ ಮಾತ್ರ ಇವಳದು. ಬಾಣಂತಿಯು ತವರಿಗೆ ಹೋಗಿ ಬೇರೆ ತಾಲ್ಲೂಕಿನಲ್ಲಿ ಹೆತ್ತರೆ ಭೇಟಿಗಳು ಯಾರ ಲೆಕ್ಕಕ್ಕೆ? ತವರಿನ ಬಾಣಂತನವೇ ರೂಢಿಯಾಗಿರುವ ನಮ್ಮ ನಾಡಿನಲ್ಲಿ ಇದು ಅಪರೂಪದ ಪ್ರಶ್ನೆಯಲ್ಲ. ಅಭಿಯಾನದ ಹಣದಲ್ಲಿ ೬೦ ಪಾಲು ಕೇಂದ್ರದ್ದು, ೪೦ ಪಾಲು ರಾಜ್ಯದ್ದು. ಒಂದು ಕಂತು ತಡೆದರೆ ಕೆಳಗಿನ ಕೊನೆಯಲ್ಲಿರುವ ಹೆಂಗಸಿನ ಒಲೆಗೆ ಅದು ಮೊದಲು ತಗಲುವುದು. ಗಣಕದ ಲೆಕ್ಕದಿಂದ ನಮ್ಮ ಹಣವನ್ನು ಬಿಡಿಸಿರೆಂದು ಇವರು ವರ್ಷಗಳಿಂದ ಕೇಳುತ್ತಿರುವುದು ಕೆಲಸ ತಪ್ಪಿಸಿಕೊಳ್ಳುವುದಕ್ಕಲ್ಲ; ಇತರರ ತಪ್ಪಿಗೆ ತಾವು ದಂಡ ತೆರದಿರುವುದಕ್ಕೆ.

ಹೊಸಿಲೊಳಗಿನವಳು

ಆಶಾ ಕಾರ್ಯಕರ್ತೆಗೆ ಚೂರಾದರೂ ಸಲ್ಲುವುದು. ಮನೆಯೊಳಗೆ ಹಗಲಿರುಳು ಆರೈಕೆ ಮಾಡುವವಳಿಗೆ ಅದೂ ಇಲ್ಲ. ೨೦೨೪ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಕಾಲವಿನಿಯೋಗದ ಸಮೀಕ್ಷೆಯಂತೆ, ಮನೆಯವರ ಆರೈಕೆಯಲ್ಲಿ ತೊಡಗಿದ ಹೆಂಗಸರು ದಿನಕ್ಕೆ ೧೩೭ ನಿಮಿಷಗಳನ್ನೂ ಗಂಡಸರು ೭೫ ನಿಮಿಷಗಳನ್ನೂ ಅದಕ್ಕಾಗಿ ಕಳೆಯುತ್ತಾರೆ. ಅಡಿಗೆ, ಕಸಮುಸುರೆ ಮುಂತಾದ ಮನೆಗೆಲಸದ ೨೮೯ ನಿಮಿಷಗಳು ಹೆಂಗಸರಿಗೆ ಇದಲ್ಲದೆ ಬೇರೆ. ಇದು ಸಾಮಾನ್ಯ ಮನೆಯ ಮಾತು. ಹಾಸಿಗೆ ಹಿಡಿದವರಿರುವ ಮನೆಯಲ್ಲಿ ನಿಮಿಷಗಳನ್ನು ಎಣಿಸುವವರಾರು?

ಈ ಸೀಮೆಯಲ್ಲಿ ಅಂಥ ಮನೆಗಳು ಕಡಮೆಯಲ್ಲ. ನೀರಿಗಾಗಿ ಬಂಡೆಯನ್ನು ಸಾವಿರ ಅಡಿಗೂ ಮಿಕ್ಕಿ ಕೊರೆದುದರ ಫಲವಾಗಿ ಫ್ಲೋರೈಡ್ ಹೆಚ್ಚಾದ ನೀರು ಅನೇಕ ಊರುಗಳ ಪಾಲಿಗೆ ಬಂದಿದೆ. ಮೊದಲು ಮಕ್ಕಳ ಹಲ್ಲು ಕಂದುವುದು. ವರ್ಷಗಳು ಕಳೆದಂತೆ ಕೀಲುಗಳು ಬಿಗಿದು ಬೆನ್ನು ಬಾಗುವುದು. ಬಾಗಿದ ಬೆನ್ನನ್ನು ನೆಟ್ಟಗೆ ಮಾಡುವ ಔಷಧವಿಲ್ಲ. ೨೦೦೮-೦೯ರಲ್ಲಿ ಆರಂಭವಾದ ರಾಷ್ಟ್ರೀಯ ಫ್ಲೋರೋಸಿಸ್ ನಿಯಂತ್ರಣ ಕಾರ್ಯಕ್ರಮವು ನೀರಿನ ಪರೀಕ್ಷೆಗೂ ವೈದ್ಯರ ತರಬೇತಿಗೂ ಹಣ ಕೊಡುತ್ತದೆ. ಬಾಗಿದವರನ್ನು ಎತ್ತಿ ಕೂರಿಸುವ ಕೈಗಳಿಗೆ ಕೊಡುವುದಿಲ್ಲ. ಎಪ್ಪತ್ತು ದಾಟಿದವರಿಗೆಲ್ಲ ೨೦೨೪ರ ಅಕ್ಟೋಬರಿನಿಂದ ಆಯುಷ್ಮಾನ್ ಭಾರತ ಯೋಜನೆಯಲ್ಲಿ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯ ಭರವಸೆ ದೊರೆತಿದೆ. ಅದು ಆಸ್ಪತ್ರೆಯ ಹಾಸಿಗೆಗೆ ಸಲ್ಲುವ ಹಣ. ಲಕ್ವ ಹೊಡೆದವರು ಆಸ್ಪತ್ರೆಯಲ್ಲಿರುವುದು ಕೆಲವು ದಿನ, ಮನೆಯಲ್ಲಿರುವುದು ಕೆಲವು ವರ್ಷ. ಅವರಿಗಾಗಿ ಸೊಸೆಯು ರೇಷ್ಮೆಹುಳುವಿನ ಮನೆಯ ಕೂಲಿಯನ್ನು ಬಿಟ್ಟರೆ ಆ ನಷ್ಟವನ್ನು ಯಾವ ಕಾರ್ಡೂ ತುಂಬಿಕೊಡುವುದಿಲ್ಲ. ಗೃಹಲಕ್ಷ್ಮಿ ಯೋಜನೆಯ ೨,೦೦೦ ರೂಪಾಯಿ ಇದೆಯಲ್ಲವೇ ಎಂದರೆ, ಅದು ಮನೆಯ ಯಜಮಾನಿಗೆ ಸಲ್ಲುವ ಸಹಾಯ. ಬಹುಕಾಲ ಆ ಯಜಮಾನಿಯೇ ಹಾಸಿಗೆ ಹಿಡಿದ ಅತ್ತೆಯಾಗಿರುತ್ತಾಳೆ.

ಕಾಯಿದೆಯು ಈ ವಿಷಯದಲ್ಲಿ ಮೂಕವಾಗಿಲ್ಲ. ಅಂಗವೈಕಲ್ಯವುಳ್ಳವರ ಹಕ್ಕುಗಳ ೨೦೧೬ರ ಅಧಿನಿಯಮವು ಆರೈಕೆದಾರರೆಂದರೆ ಯಾರೆಂದು ಅರ್ಥವಿವರಣೆ ಕೊಡುವಾಗ, ಹಣ ಪಡೆದೋ ಪಡೆಯದೆಯೋ ಆರೈಕೆ ಮಾಡುವ ತಂದೆತಾಯಿಗಳನ್ನೂ ಮನೆಯವರನ್ನೂ ಸೇರಿಸಿದೆ. ಅದರ ೨೪ನೆಯ ಪ್ರಕರಣದಲ್ಲಿ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆಯ ಭತ್ಯೆಯನ್ನು ಯೋಜನೆಗಳಲ್ಲಿ ಕಲ್ಪಿಸಬೇಕೆ�ದು ಹೇಳಿದೆ. ಇದಕ್ಕನುಸಾರವಾಗಿ ಕರ್ನಾಟಕ ಸರ್ಕಾರವು ೨೦೨೪-೨೫ರ ಆಯವ್ಯಯದಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನಾಲ್ಕು ಕಾಯಿಲೆಯವರ ಆರೈಕೆದಾರರಿಗೆ ತಿಂಗಳಿಗೆ ೧,೦೦೦ ರೂಪಾಯಿಯನ್ನು ಸಾರಿತು. ಬಾಗಿಲು ತೆರೆದುದು ಸಂತೋಷವೇ. ಆದರೆ ಆ ಬಾಗಿಲಿನಲ್ಲಿ ನಾಲ್ಕು ಕಾಯಿಲೆಗಳು ಮಾತ್ರ ಹಿಡಿಸುತ್ತವೆ. ಲಕ್ವ ಹೊಡೆದವರ ಮನೆಯೂ ಫ್ಲೋರೈಡಿನಿಂದ ಬಾಗಿದವರ ಮನೆಯೂ ಹೊರಗೇ ಉಳಿದಿವೆ. ಕಾಯಿದೆಯು ಕೇಳುವುದು ಆಸರೆ ಎಷ್ಟು ಬೇಕೆಂದು, ಕಾಯಿಲೆಯ ಹೆಸರೇನೆಂದಲ್ಲ.

ಅನ್ಯರು ಹಿಡಿದ ದಾರಿ

ಇದು ಹೊಸದಾಗಿ ಕಲ್ಪಿಸಬೇಕಾದ ಸಂಗತಿಯಲ್ಲ. ನಮ್ಮ ಕನ್ನಡಿಗರು ಬಹುಮಂದಿ ಇರುವ ಕಾಸರಗೋಡಿನಲ್ಲಿ, ಗೇರುತೋಟಗಳ ಮೇಲೆ ವರ್ಷಗಟ್ಟಲೆ ಆಕಾಶದಿಂದ ಸುರಿದ ಎಂಡೋಸಲ್ಫಾನ್ ವಿಷದಿಂದ ನರಳಿದ ಮನೆಗಳು ನೂರಾರಿವೆ. ಹಾಸಿಗೆ ಹಿಡಿದವರನ್ನು ಬಿಟ್ಟು ಕೂಲಿಗೆ ಹೋಗಲಾರದ ಆರೈಕೆದಾರರಿಗೆ ಕೇರಳ ಸರ್ಕಾರವು ೨೦೧೦ರಲ್ಲಿಯೇ ಆಶ್ವಾಸಕಿರಣಂ ಎಂಬ ಯೋಜನೆಯನ್ನು ಆರಂಭಿಸಿತು. ಮೊತ್ತ ತಿಂಗಳಿಗೆ ೬೦೦ ರೂಪಾಯಿ. ಮೊತ್ತವು ಅಲ್ಪ, ಕಂತು ತಡವಾಗುವ ದೂರು ಅಲ್ಲಿಯೂ ಉಂಟು. ಆದರೂ ಆರೈಕೆ ಮಾಡುವ ತಾಯಿಯ ಹೆಸರು ಅಲ್ಲಿ ಸರ್ಕಾರದ ಪುಸ್ತಕಕ್ಕೆ ಏರಿತು.

ಜರ್ಮನಿಯಲ್ಲಿ ೧೯೯೫ರಿಂದ ಆರೈಕೆಯ ವಿಮೆಯೆಂಬುದು ಜಾರಿಯಲ್ಲಿದೆ. ದುಡಿಯುವವರು ತಮ್ಮ ಸಂಪಾದನೆಯಿಂದ ಪಾಲು ಕೊಡುತ್ತಾರೆ. ಒಬ್ಬರಿಗೆ ಆರೈಕೆ ಬೇಕಾದಾಗ ಪರೀಕ್ಷಕರು ಮನೆಗೆ ಬಂದು ಆಸರೆಯ ತರಗತಿಯನ್ನು ಗೊತ್ತುಮಾಡುವರು. ಮನೆಯವರೇ ನೋಡಿಕೊಳ್ಳುವುದಾದರೆ ೨೦೨೫ರ ದರದಂತೆ ತರಗತಿಗನುಗುಣವಾಗಿ ತಿಂಗಳಿಗೆ ೩೪೭ರಿಂದ ೯೯೦ ಯೂರೋಗಳವರೆಗೆ ಸಲ್ಲುವುದು. ವಾರಕ್ಕೆ ಹತ್ತು ಗಂಟೆಗೆ ಕಡಮೆಯಿಲ್ಲದೆ ಆರೈಕೆ ಮಾಡುವವರ ಮುಪ್ಪಿನ ಪಿಂಚಣಿಗೂ ವಿಮೆಯೇ ಹಣ ಕಟ್ಟುವುದು. ಅಮೆರಿಕದ ಅನೇಕ ಸಂಸ್ಥಾನಗಳಲ್ಲಿ ಬಡವರ ವೈದ್ಯ ಯೋಜನೆಯಾದ ಮೆಡಿಕೈಡ್ ಮೂಲಕ, ರೋಗಿಗೆ ವಾರಕ್ಕೆ ಎಷ್ಟು ಗಂಟೆಗಳ ಆಸರೆ ಬೇಕೆಂದು ನಿರ್ಧರಿಸಿ, ಮಗಳನ್ನೋ ಮಗನನ್ನೋ ಆರೈಕೆಗೆ ನೇಮಿಸಿಕೊಂಡು ಗಂಟೆಯ ಲೆಕ್ಕದಲ್ಲಿ ಕೂಲಿ ಕೊಡುವ ಕ್ರಮವಿದೆ. ಜಪಾನಿನಲ್ಲಿ ಮಾತ್ರ ೨೦೦೦ದಲ್ಲಿ ಇಂಥದೇ ವಿಮೆ ಬಂದಾಗ, ಮನೆಯವರಿಗೆ ನಗದು ಕೊಟ್ಟರೆ ಸೊಸೆಯಂದಿರನ್ನು ಮನೆಗೇ ಕಟ್ಟಿಹಾಕಿದಂತಾಗುವುದೆಂದು ಸ್ತ್ರೀಯರ ಸಂಘಗಳು ಆಕ್ಷೇಪಿಸಿದುದರಿಂದ, ನಗದಿಗೆ ಬದಲು ಮನೆಗೆ ಬರುವ ಆರೈಕೆಯನ್ನೇ ಏರ್ಪಡಿಸಿದರು. ಈ ಎಚ್ಚರಿಕೆ ನಮಗೂ ತಕ್ಕುದು. ಮನೆಯೊಳಗಿನವಳಿಗೆ ಭತ್ಯೆಯೂ ಬೇಕು, ಹೊರಗಿನಿಂದ ಬರುವವಳ ಬೆಂಬಲವೂ ಬೇಕು. ಒಂದನ್ನು ಕೊಟ್ಟು ಇನ್ನೊಂದನ್ನು ತಪ್ಪಿಸಬಾರದು.

ಆಕ್ಷೇಪಣೆಗಳು

ಇದಕ್ಕೆ ಹೇಳುವ ಆಕ್ಷೇಪಣೆಗಳನ್ನು ನಾವು ಅರಿಯದವರಲ್ಲ. ಸಂಬಳವಾದರೆ ಉತ್ಸಾಹವು ಕುಗ್ಗುವುದು, ಬಿಡಿಗೂಲಿಯಾದರೆ ಕೆಲಸ ಚುರುಕಾಗುವುದು ಎಂಬುದು ಮೊದಲನೆಯದು. ಇದರಲ್ಲಿ ಸ್ವಲ್ಪ ಸತ್ಯವಿಲ್ಲದಿಲ್ಲ; ಆದಕಾರಣ ಬಿಡಿಹಣವನ್ನು ಪೂರ್ತಿ ನಿಲ್ಲಿಸಬೇಕೆಂದು ನಾವು ಹೇಳುವುದಿಲ್ಲ. ಆದರೆ ಅದು ಅಡಿಪಾಯದ ಮೇಲಿನ ಗೋಪುರವಾಗಿರಲಿ. ಗೋಪುರವನ್ನೇ ಅಡಿಪಾಯವೆನ್ನುವುದು ಬೇಡ.

ಇವರು ನೌಕರರಲ್ಲ, ಸ್ವಯಂಸೇವಕಿಯರು ಎಂಬುದು ಎರಡನೆಯದು. ಅಂಗನವಾಡಿಯವರ ವಿಷಯದಲ್ಲಿ ೨೦೦೬ರಲ್ಲಿ ಸುಪ್ರೀಂ ಕೋರ್ಟು, ಕರ್ನಾಟಕದಿಂದ ಹೋದ ಅಮೀರ್‌ಬಿ ಮೊಕದ್ದಮೆಯಲ್ಲಿ, ಅವರು ಸರ್ಕಾರಿ ಹುದ್ದೆಯಲ್ಲಿರುವವರಲ್ಲವೆಂದು ತೀರ್ಪಿತ್ತಿತು. ಆದರೆ ಅದೇ ನ್ಯಾಯಸ್ಥಾನವು ೨೦೨೨ರಲ್ಲಿ ಅಂಗನವಾಡಿಯವರು ಗ್ರಾಚ್ಯುಯಿಟಿಗೆ ಅರ್ಹರೆಂದು ಹೇಳಿತು. ೨೦೧೩ರಲ್ಲಿ ನಡೆದ ೪೫ನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಯೋಜನೆಗಳಲ್ಲಿ ದುಡಿಯುವ ಇಂಥವರನ್ನೆಲ್ಲ ಕಾರ್ಮಿಕರೆಂದು ಮನ್ನಿಸಿ ಕನಿಷ್ಠ ವೇತನ ಕೊಡಬೇಕೆಂದು ಶಿಫಾರಸು ಮಾಡಿತು. ಕಾಯಿದೆಯ ನಡಗೆ ಯಾವ ಕಡೆಗೆಂಬುದು ಇದರಿಂದ ವಿಶದವಾಗುವುದು.

ಬೊಕ್ಕಸಕ್ಕೆ ಭಾರವೆಂಬುದು ಮೂರನೆಯದು. ೪೨,೦೦೦ ಮಂದಿಗೆ ತಿಂಗಳಿಗೆ ಒಂದು ಸಾವಿರ ರೂಪಾಯಿ ಹೆಚ್ಚಿಸಿದರೆ ವರ್ಷಕ್ಕೆ ಸುಮಾರು ೫೦ ಕೋಟಿ. ಐದು ಸಾವಿರ ಹೆಚ್ಚಿಸಿದರೆ ಸುಮಾರು ೨೫೨ ಕೋಟಿ. ಕರ್ನಾಟಕದ ೨೦೨೫-೨೬ರ ಆಯವ್ಯಯದ ಗಾತ್ರ ನಾಲ್ಕು ಲಕ್ಷ ಒಂಬತ್ತು ಸಾವಿರ ಕೋಟಿಗೂ ಮೇಲು. ೨೫೨ ಕೋಟಿಯು ಅದರಲ್ಲಿ ಸಾವಿರಕ್ಕೆ ಒಂದು ಪಾಲೂ ಆಗುವುದಿಲ್ಲ. ಒಂದು ಪಾಲನ್ನೂ ತೆಗೆಯಲಾರೆವೆಂದರೆ ಅದು ಬಡತನದ ಮಾತಲ್ಲ, ಮನಸ್ಸಿಲ್ಲದ ಮಾತು.

ಆಗಬೇಕಾದುದು

ನಮ್ಮ ಸೂಚನೆಗಳು ಕೆಲವೇ. ಆಶಾ ಕಾರ್ಯಕರ್ತೆಗೆ ಎರಡು ಸರ್ಕಾರಗಳ ಹಣವನ್ನೂ ಕೂಡಿಸಿ, ಕನಿಷ್ಠ ವೇತನಕ್ಕೆ ಕಡಮೆಯಾಗದ ಮೊತ್ತವನ್ನು ಪ್ರತಿ ತಿಂಗಳೂ ಗೊತ್ತಾದ ದಿನದಲ್ಲಿ ಕೊಡಬೇಕು. ಗಣಕದ ದಾಖಲೆ ತಡವಾದರೆ ದಾಖಲೆಯನ್ನು ತಿದ್ದಬೇಕು. ಅದಕ್ಕಾಗಿ ಹಣವನ್ನು ತಡೆಯಬಾರದು. ಕೂಸು ಉಳಿಯಲಿ ಉಳಿಯದಿರಲಿ, ಹೋದ ಭೇಟಿಗೆ ಹಣ ಸಲ್ಲಬೇಕು. ಹತ್ತು ವರ್ಷ ದುಡಿದು ಬಿಡುವವಳಿಗೆ ಕೇಂದ್ರವು ಕೊಡುವ ಇಡಿಗಂಟು ೨೦೨೫ರಲ್ಲಿ ೨೦,೦೦೦ದಿಂದ ೫೦,೦೦೦ಕ್ಕೆ ಏರಿದುದು ಒಳ್ಳೆಯದೇ. ಆದರೆ ಮುಪ್ಪು ಒಂದು ದಿನದ್ದಲ್ಲ, ಪಿಂಚಣಿಯೂ ಬೇಕು. ಇನ್ನು ಮನೆಯೊಳಗಿನ ಆರೈಕೆದಾರರ ಭತ್ಯೆಯನ್ನು ನಾಲ್ಕು ಕಾಯಿಲೆಗಳಿಂದ ಬಿಡಿಸಿ, ಎದ್ದು ಕೂರಲಾರದವರೆಲ್ಲರ ಮನೆಗೂ ವಿಸ್ತರಿಸಬೇಕು. ಯಾರಿಗೆ ಎಷ್ಟು ಆಸರೆ ಬೇಕೆಂಬುದನ್ನು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ನಿರ್ಧರಿಸುವಂತಾಗಬೇಕು. ಹಾಸಿಗೆ ಹಿಡಿದವರನ್ನು ಬಾಡಿಗೆಯ ಗಾಡಿಯಲ್ಲಿ ಜಿಲ್ಲಾ ಕೇಂದ್ರಕ್ಕೆ ಹೊತ್ತು ತರಿಸಬಾರದು.

ಇವುಗಳಲ್ಲಿ ಕೆಲವು ವಿಧಾನಸೌಧದಲ್ಲಿ ತೀರ್ಮಾನವಾಗಬೇಕಾದವು. ಆದರೆ ಎಲ್ಲವೂ ಅಲ್ಲಿಗೇ ಹೋಗಬೇಕಾಗಿಲ್ಲ. ತಾಲ್ಲೂಕಿನ ಆರೋಗ್ಯಾಧಿಕಾರಿಗಳು ಪ್ರತಿ ತಿಂಗಳೂ ಬಾಕಿಯ ಪಟ್ಟಿಯನ್ನು ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಹಚ್ಚಿಸಬಹುದು: ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು ಹಣ, ಯಾವ ಕಾರಣದಿಂದ ನಿಂತಿದೆ ಎಂದು. ಇದಕ್ಕೆ ಹೊಸ ಕಾನೂನೂ ಬೇಡ, ಹೊಸ ಹಣವೂ ಬೇಡ. ಗ್ರಾಮಪಂಚಾಯಿತಿಯವರು ತಮ್ಮ ಊರಿನಲ್ಲಿ ಹಾಸಿಗೆ ಹಿಡಿದವರೆಷ್ಟು, ಅವರನ್ನು ನೋಡಿಕೊಳ್ಳುವವರು ಯಾರು ಎಂದು ಒಂದು ಪುಸ್ತಕದಲ್ಲಿ ಬರೆದಿಡಬಹುದು. ಲೆಕ್ಕಕ್ಕೆ ಬಾರದವರಿಗೆ ಯಾವ ಸರ್ಕಾರವೂ ಹಣ ಕೊಟ್ಟುದಿಲ್ಲ.

ಪಟ್ಟಣದ ವಿದ್ಯಾವಂತರಿಗೂ ಒಂದು ಮಾತು. ಆಶಾ ಕಾರ್ಯಕರ್ತೆಯರು ಬೀದಿಯಲ್ಲಿ ಕುಳಿತಾಗ ದಾರಿಗೆ ಅಡ್ಡಿಯಾಯಿತೆಂದು ಗೊಣಗುವುದು ಸುಲಭ. ನಮ್ಮ ಮನೆಯ ಕೂಸಿನ ಉಸಿರನ್ನು ಎಣಿಸಿದವರು ಇವರೇ ಎಂಬುದನ್ನು ನೆನೆದು ಅವರ ಪರವಾಗಿ ಒಂದು ಅರ್ಜಿಗೆ ರುಜು ಹಾಕುವುದು ಅದಕ್ಕಿಂತ ಕಷ್ಟವಲ್ಲ. ಗೌರವವನ್ನು ನಾವು ಕೊಡೋಣ. ಸಂಬಳವನ್ನು ಸರ್ಕಾರವು ಕೊಡಲಿ. ಒಂದರ ಹೆಸರಿನಲ್ಲಿ ಇನ್ನೊಂದನ್ನು ತಪ್ಪಿಸುವ ಪದ್ಧತಿಯು ಇನ್ನಾದರೂ ನಿಲ್ಲಬೇಕು.